ಸೀತಾಳೆ ದಂಡೆಯ ಬಳಗ ನಿಮ್ಮ ಮನೆಯಲ್ಲೂ ಅರಳಲಿ

ಮಲೆನಾಡಿನಲ್ಲಿ ತವರಿದ್ದವರಿಗೆ ಸೀತಾಳೆ ದಂಡೆ ಗೊತ್ತೇ ಇರುತ್ತದೆ. ಮಳೆಗಾಲ ಹತ್ತಿರವಾದಾಗ ಕೊಂಬೆಯಿಂದ ಜಡೆಯ ಹಾಗೆ ಇಳಿಬೀಳುವ ಹೂ. ಪೇಟೆಯಲ್ಲಿ ಈ ಬಳಗಕ್ಕೆಲ್ಲ ಆರ್ಕಿಡ್ ಅಂತಾರೆ.

ಇದು ಬಂದಣಿಕೆಯಲ್ಲ, ಮರದ ಸಾರ ಹೀರುವುದಿಲ್ಲ. ಬೇರಿಗೆ ಗಾಳಿ ಬೇಕು. ಬರೀ ಮಣ್ಣಿನಲ್ಲಿ ನೆಟ್ಟರೆ ಕೊಳೆಯುತ್ತದೆ. ತೂತುಗಳಿರುವ ಕುಂಡಕ್ಕೆ ಇದ್ದಿಲು, ಇಟ್ಟಿಗೆ ಚೂರು ತುಂಬಿ. ಬೆಳಗಿನ ಎಳೆಬಿಸಿಲು ಸಾಕು. ಬೇರು ಬೆಳ್ಳಗಾದಾಗ ನೀರು ಚಿಮುಕಿಸಿ, ಹಸಿರಿದ್ದರೆ ಬೇಡ.

ಮರಿ ಮಾಡೋದು ಹೇಗೆ ಅಂತೀರಾ? ಹೊಸಬರಿಗೆ ಡೆಂಡ್ರೋಬಿಯಂ ಸುಲಭ. ಕಾಂಡದ ಗೆಣ್ಣಿನಲ್ಲಿ ಮೂಡಿದ ಮರಿಗೆ 2 ಅಂಗುಲ ಬೇರು ಬಂದ ಮೇಲೆ ಚೊಕ್ಕ ಬ್ಲೇಡಿನಿಂದ ಬಿಡಿಸಿ ನೆಡಿ. ಕುಂಡ ತುಂಬಿದ್ದರೆ 3-4 ಕಾಂಡ ಒಟ್ಟಿಗಿರುವಂತೆ ಬೇರ್ಪಡಿಸಿ. ಬೀಜದ ಆಸೆ ಬೇಡ. ಧೂಳಿನಂಥ ಆ ಬೀಜದಲ್ಲಿ ಆಹಾರವೇ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಬೂಷ್ಟು ಅದನ್ನು ಸಾಕುತ್ತದೆ. 1922ರಲ್ಲಿ ಅಮೆರಿಕದ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ ಮೊಳೆಸಿ ತೋರಿಸಿದರು, ಆದರೆ ಅದು ಪ್ರಯೋಗಾಲಯದ ಕೆಲಸ.

ಒಂದು ಮಾತು: ಕಾಡಿನ ಮರದಿಂದ ಕೀಳಬೇಡಿ, ಹಾಗೆ ಕಿತ್ತು ಮಾರುವವರಿಂದ ಕೊಳ್ಳಲೂಬೇಡಿ. ಬೀಜ ಹೂವಾಗಲು ವರ್ಷಗಳೇ ಬೇಕು, ಕೀಳಲು ಗಳಿಗೆ ಸಾಕು. ನರ್ಸರಿಯಲ್ಲಿ ಬೆಳೆಸಿದ್ದನ್ನೇ ತನ್ನಿ. ಮರಿಯಾದ ಮೇಲೆ ನೆರೆಮನೆಯಾಕೆಗೂ ಒಂದು ಕೊಡಿ.