ಕಿಟಕಿಗಳ ವ್ಯವಸ್ಥೆ

ಗಣಕಯಂತ್ರದ ತೆರೆಯ ಮೇಲೆ ಬರೆಯುವ, ಓದುವ, ಲೆಕ್ಕ ಮಾಡುವ ಕೆಲಸಗಳು ಬೇರೆ ಬೇರೆ ಚೌಕಟ್ಟುಗಳಲ್ಲಿ ತೆರೆದುಕೊಳ್ಳುತ್ತವೆ. ಇಂತಹ ಚೌಕಟ್ಟಿಗೆ ವಿಂಡೋ, ಅಂದರೆ ಕಿಟಕಿ, ಎಂದು ಹೆಸರು. ಕಿಟಕಿಗಳ ಸ್ಥಾನ, ಅಂಚು, ಗುಂಡಿಗಳನ್ನು ನೋಡಿಕೊಳ್ಳುವ ತಂತ್ರಾಂಶವೇ ವಿಂಡೋ ಮ್ಯಾನೇಜರ್.

1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಎಕ್ಸ್ ವಿಂಡೋ ವ್ಯವಸ್ಥೆಯು ಹುಟ್ಟಿತು. ಅದರ ನಿರ್ಮಾಪಕರು ತೆರೆಯ ಮೇಲೆ ಚಿತ್ರ ಮೂಡಿಸುವ ಕಾರ್ಯವನ್ನು ವ್ಯವಸ್ಥೆಗೆ ವಹಿಸಿ, ಕಿಟಕಿಗಳ ರೂಪವನ್ನು ನಿರ್ಧರಿಸುವ ಹೊಣೆಯನ್ನು ಬೇರೊಂದು ತಂತ್ರಾಂಶಕ್ಕೆ ಬಿಟ್ಟರು. ಆದುದರಿಂದ ಬಳಸುವವನು ತನಗೊಪ್ಪುವ ವಿಂಡೋ ಮ್ಯಾನೇಜರನ್ನು ಆರಿಸಿಕೊಳ್ಳಬಹುದು.

ಇದಕ್ಕೆ ವಿಂಡೋ ಮೇಕರ್ ಒಳ್ಳೆಯ ನಿದರ್ಶನ. 1989ರಲ್ಲಿ ಬಂದ ನೆಕ್ಸ್ಟ್‌ಸ್ಟೆಪ್ ವ್ಯವಸ್ಥೆಯ ರೂಪವನ್ನು ಅನುಸರಿಸಿ ಬ್ರೆಜಿಲ್‌ನ ಆಲ್ಫ್ರೆಡೋ ಕೋಜಿಮಾ ಅವರು 1997ರಲ್ಲಿ ಇದನ್ನು ರಚಿಸಿದರು. ತೆರೆಯ ಬಲ ಅಂಚಿನಲ್ಲಿ ಚೌಕಾಕಾರದ ಚಿಹ್ನೆಗಳ ಸಾಲು ಇದರ ವೈಶಿಷ್ಟ್ಯ. ನೆಕ್ಸ್ಟ್ ಸಂಸ್ಥೆಯು 1993ರಲ್ಲಿಯೇ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿದರೂ ಆ ಹಳೆಯ ರೂಪವು ಇಂದಿನ ಗಣಕಗಳಲ್ಲಿಯೂ ಹೀಗೆ ಉಳಿದಿದೆ.

ವಿಂಡೋ ಮೇಕರಿನ ಏರ್ಪಾಡುಗಳು ಯಾರೂ ತೆರೆದು ಓದಬಹುದಾದ ಅಕ್ಷರಕಡತಗಳಲ್ಲಿವೆ. 'ಫೋಕಸ್‌ಮೋಡ್' ಎಂಬ ಸಾಲಿನಲ್ಲಿ 'ಮ್ಯಾನ್ಯುಯಲ್' ಎಂದಿದ್ದರೆ, ಮೌಸ್ ಒತ್ತಿ ಆರಿಸಿದ ಕಿಟಕಿಯಲ್ಲಿ ಮಾತ್ರ ಅಕ್ಷರಗಳು ಮೂಡುತ್ತವೆ. 'ಸ್ಲಾಪಿ' ಎಂದು ತಿದ್ದಿದರೆ ಮೌಸಿನ ಬಾಣವು ಕಿಟಕಿಯ ಮೇಲೆ ಬಂದರೆ ಸಾಕು. ಆದರೆ ಒಂದು ಅರ್ಧವಿರಾಮ ಬಿಟ್ಟುಹೋದರೂ ಯಂತ್ರಕ್ಕೆ ಕಡತವು ಅರ್ಥವಾಗದು. ಆದಕಾರಣ ತಿದ್ದುವ ಮೊದಲು ಅದರ ಪ್ರತಿಯೊಂದನ್ನು ತೆಗೆದಿಡುವುದು ವಿವೇಕ.

ಬರೆದಿಟ್ಟುದನ್ನು ಓದಿ ತಿಳಿಯಬಲ್ಲವನು ಅದನ್ನು ತಿದ್ದಲೂ ಬಲ್ಲನು. ಯಂತ್ರದ ಮೇಲೆ ಮನುಷ್ಯನ ಒಡೆತನವು ಅಲ್ಲಿಂದಲೇ ಆರಂಭವಾಗುತ್ತದೆ.