ಕಾರ್ಖಾನೆ ಮುಚ್ಚಿದರೂ ಉಳಿದ ವಿಷ



ಸೆವಿನ್ ಪುಡಿಯ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರುತ್ತೀರಿ. ಬೆಳೆಗೆ ಬೀಳುವ ಹುಳುವಿಗೆ ಹೊಡೆಯುತ್ತಿದ್ದ ಕಾರ್ಬರಿಲ್ ಎಂಬ ಔಷಧ ಅದು. 2018ರಲ್ಲಿ ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಲಾಯಿತು. ಅದನ್ನು ತಯಾರಿಸುತ್ತಿದ್ದ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ 1984ರ ಡಿಸೆಂಬರ್ 2-3ರ ರಾತ್ರಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಆಮೇಲೆ ಕಾರ್ಖಾನೆ ಮುಚ್ಚಿತು. ಆದರೆ ಅಲ್ಲಿದ್ದ ವಿಷದ ಕಸ ಹಾಗೇ ಉಳಿಯಿತು.

ಆ ಕಸ ಎಲ್ಲಿಂದ ಬಂತು ಅಂತೀರಾ? ಅನಿಲ ಸೋರುವುದಕ್ಕೂ ಮುಂಚೆಯೇ ಕಾರ್ಖಾನೆಯವರು ಅಂಗಳದಲ್ಲಿ ಗುಂಡಿ ತೋಡಿ ತ್ಯಾಜ್ಯ ಸುರಿಯುತ್ತಿದ್ದರು. 1977ರಿಂದ ಹೊರಗಡೆ ಕೆರೆಯಂಥ ಹೊಂಡಗಳನ್ನು ಮಾಡಿ, ವಿಷದ ನೀರನ್ನು ಬಿಸಿಲಿಗೆ ಒಣಗಲು ಬಿಟ್ಟರು. ಮಳೆ ಬಂದಂತೆಲ್ಲ ಆ ವಿಷ ಮಣ್ಣಿಗೆ ಇಳಿಯಿತು. ಮಣ್ಣಿನಿಂದ ಅಂತರ್ಜಲ ಸೇರಿತು. ಸುತ್ತಲಿನ ಬಡಾವಣೆಗಳ ಕೈಪಂಪಿನ ನೀರು ಕೆಟ್ಟಿತು. ಅವರಿಗೆ ಶುದ್ಧ ನೀರು ಕೊಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಮೇಲೆ ಬಿದ್ದಿದ್ದ ಕಸವನ್ನು ಒಟ್ಟುಮಾಡಿ ಅಲ್ಲೇ ಶೆಡ್ಡಿನಲ್ಲಿ ಇಟ್ಟಿದ್ದರು. ಕೊನೆಗೆ 2024ರ ಡಿಸೆಂಬರಿನಲ್ಲಿ ಮಧ್ಯಪ್ರದೇಶ ಹೈಕೋರ್ಟು ನಾಲ್ಕು ವಾರದ ಗಡುವು ಕೊಟ್ಟಿತು. 2025ರ ಜನವರಿ 1ರ ರಾತ್ರಿ 12 ಲಾರಿಗಳಲ್ಲಿ ಸುಮಾರು 337 ಟನ್ ಕಸ 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಹೊರಟಿತು. ಅದರಲ್ಲಿ ಸುಮಾರು ಅರ್ಧ ವಿಷ ಹತ್ತಿದ ಮಣ್ಣು. ಉಳಿದದ್ದು ಸೆವಿನ್, ನ್ಯಾಫ್ತಾಲ್, ಅರೆಬರೆ ತಯಾರಾದ ಔಷಧ.

'ನಮ್ಮೂರಿಗೆ ಯಾಕೆ ತಂದಿರಿ?' ಎಂದು ಪೀಥಂಪುರದವರು ಬೀದಿಗಿಳಿದರು. ಅವರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕ್ಲೋರಿನ್ ಇರುವ ಕಸವನ್ನು ಸಣ್ಣ ಉರಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ. ಆದ್ದರಿಂದಲೇ ಇಂಥ ಕುಲುಮೆಯಲ್ಲಿ ಹೊಗೆಯನ್ನು ಇನ್ನೊಂದು ಕೋಣೆಗೆ ಹಾಯಿಸಿ, 1,100 ಡಿಗ್ರಿ ಶಾಖದಲ್ಲಿ ಮತ್ತೆ ಸುಡಬೇಕು. ಆಮ್ಲದ ಅಂಶ ಹೀರಲು ಸುಣ್ಣ ಬೆರೆಸಬೇಕು. ಮೊದಲು ಹತ್ತು ಹತ್ತು ಟನ್ನಿನಂತೆ ಮೂರು ಸಲ ಸುಟ್ಟು ನೋಡಿದರು. ಜೂನ್ ಕೊನೆಗೆ ಎಲ್ಲ ಸುಟ್ಟು ಮುಗಿಯಿತು.

ಮುಗಿಯಿತೇ? ಸುಣ್ಣ ಸೇರಿದ್ದರಿಂದ ಬೂದಿಯೇ 800 ಟನ್ ಮೀರಿತು. ಅದನ್ನು ನೀರು ಇಳಿಯದ ಹಾಗೆ ಹಾಸು ಹಾಕಿದ ಗುಂಡಿಯಲ್ಲಿ ಹೂಳಬೇಕು. ಭೋಪಾಲದ ನೆಲದೊಳಗಿನ ಮಣ್ಣು, ನೀರಿನ ಶುದ್ಧಿಯಂತೂ ಬೇರೆಯೇ ಕೆಲಸ. ಲಾರಿಯಲ್ಲಿ ಹೋದದ್ದು ಕೈಗೆ ಸಿಕ್ಕ ಕಸ ಮಾತ್ರ.

ನಮಗೆ ಇದರಿಂದ ತಿಳಿಯುವುದೇನು? ವಿಷವನ್ನು ನೆಲಕ್ಕೆ ಸುರಿಯಲು ಒಂದು ಗಳಿಗೆ ಸಾಕು; ತೆಗೆಯಲು ನಲವತ್ತು ವರ್ಷವೂ ಸಾಲದು. ಔಷಧದ ಖಾಲಿ ಡಬ್ಬಿಯನ್ನು ಬಾವಿಕಟ್ಟೆಯಲ್ಲಿ, ಹಳ್ಳದಲ್ಲಿ ಎಸೆಯಬೇಡಿ. ಒಲೆಗೆ ಹಾಕಬೇಡಿ. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ. ಡಬ್ಬಿಗೆ ತೂತು ಹೊಡೆಯಿರಿ. ಮನೆಯವರು ಅದರಲ್ಲಿ ನೀರೋ ಎಣ್ಣೆಯೋ ತುಂಬಿಡುವ ಹಾಗಾಗಬಾರದು. ಹಳೆಯ ಔಷಧ ಮನೆಯಲ್ಲಿ ಉಳಿದಿದ್ದರೆ ಹೂಳಲು ಹೋಗಬೇಡಿ. ಅದನ್ನು ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ನೀವು ಕುಡಿಯುವ ನೀರು ನಿಮ್ಮ ಹೊಲದ ಅಡಿಯಲ್ಲೇ ಇದೆ ಎಂಬುದು ನೆನಪಿರಲಿ.