ಜೇಬಿನಲ್ಲೊಂದು ಚಾಕು

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಲ್ಲಿ ನಮ್ಮ ಮುತ್ಯಾನ ಅಂಗಿಯ ಒಳಜೇಬಿನಲ್ಲಿ ಸದಾ ಮೂರು ವಸ್ತುಗಳಿರುತ್ತಿದ್ದವು: ತಂಬಾಕಿನ ಚಂಚಿ, ಸುಣ್ಣದ ಡಬ್ಬಿ ಮತ್ತು ಮಡಚುವ ಒಂದು ಚಾಕು. ಮೊದಲೆರಡು ಮುತ್ಯಾನೊಂದಿಗೇ ಹೋದವು. ಚಾಕು ಅಪ್ಪನಿಗೆ ಬಂತು, ಅಪ್ಪನ ನಂತರ ನನಗೆ. ಮಡಚಿದರೆ ಅಂಗೈಯೊಳಗೆ ಅಡಗುವ, ಬಿಚ್ಚಿದರೆ ಮೂರು ಅಂಗುಲದ ಅಲಗು ತೋರುವ ಈ ವಸ್ತುವನ್ನು ಆಯುಧವೆಂದು ನಮ್ಮ ಮನೆಯಲ್ಲಿ ಯಾರೂ ಕರೆದ ನೆನಪಿಲ್ಲ. ಅದನ್ನು ಹಾಗೆ ಕರೆಯಬಹುದೆಂದು ನನಗೆ ತಿಳಿದದ್ದು ಮಹಾನಗರಕ್ಕೆ ಬಂದ ಮೇಲೆ.

ಊರಿನಲ್ಲಿ ಅದರ ದಿನಚರಿ ದೊಡ್ಡದಿತ್ತು. ಎತ್ತಿನ ಕೊರಳಿಗೆ ಬಿಗಿದ ಹಗ್ಗವನ್ನು ಗಳಿಗೆಯಲ್ಲಿ ಕತ್ತರಿಸಬೇಕು. ಮಳೆಗಾಲದಲ್ಲಿ ಕುಂಟೆಗೆ ಮೆತ್ತಿದ ಎರೆಮಣ್ಣನ್ನು ಕೆರೆಯಬೇಕು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು. ಕಾಲಿಗೆ ಚುಚ್ಚಿದ ಜಾಲಿಮುಳ್ಳನ್ನು ಮೊನೆಯಿಂದ ಎಬ್ಬಿಸಬೇಕು. ಚಳಿಗಾಲದಲ್ಲಿ ಸೀತನಿಗೆಂದು ಹಾಲುಗಾಳಿನ ಜೋಳದ ತೆನೆ ಕೊಯ್ಯುವುದೂ ಅದರಿಂದಲೇ, ನನ್ನ ಸೀಸದ ಕಡ್ಡಿಗೆ ಮೊನೆ ಮಾಡುತ್ತಿದ್ದುದೂ ಅದರಿಂದಲೇ. ದಸರೆಯ ಖಂಡೆಪೂಜೆಯ ದಿನ ಕುಡುಗೋಲು, ಕೊಡಲಿ, ಕುರ್ಚಿಗೆಗಳ ಸಾಲಿನಲ್ಲಿ ಅದಕ್ಕೂ ಭಂಡಾರ ಹಚ್ಚುತ್ತಿದ್ದರು. ಆ ಒಂದು ದಿನ ಮಾತ್ರ ಅದಕ್ಕೆ ರಜೆ. ಬಳಸಿದ್ದು ಕಂಡರೆ ಮುತ್ಯಾ ಬೈಯುತ್ತಿದ್ದರು.

ಈ ಚಾಕುವಿನ ರಚನೆ ತೀರಾ ಸರಳ. ಪೇಟೆಯಲ್ಲಿ ಸಿಗುವ ಮಡಚುಚಾಕುಗಳ ಬೆನ್ನಿನಲ್ಲಿ ಒಂದು ಸ್ಪ್ರಿಂಗ್ ಪಟ್ಟಿ ಇದ್ದು, ಬಿಚ್ಚಿದ ಅಲಗನ್ನು ಅದು ಒತ್ತಿ ಹಿಡಿಯುತ್ತದೆ. ಮುತ್ಯಾನ ಚಾಕುವಿಗೆ ಸ್ಪ್ರಿಂಗೂ ಇಲ್ಲ, ಚಿಲಕವೂ ಇಲ್ಲ. ಒಂದೇ ಒಂದು ರಿವೆಟ್‌ನ ಬಿಗಿಯಲ್ಲಿ ಅಲಗು ತಿರುಗುತ್ತದೆ. ಅಲಗಿನ ಹಿಂದೆ ಚಾಚಿಕೊಂಡ ಬಾಲವನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದಷ್ಟು ಹೊತ್ತು ಅದು ಭದ್ರ. ಹಳೆಯ ಕ್ಷೌರದ ಕತ್ತಿಯ ಜಾತಿಯೇ ಇದು. ಜಪಾನಿನ ಮಿಕಿ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಹಿಗೊನೊಕಾಮಿ ಎಂಬ ಚಾಕುವಿನ ಚಿತ್ರವನ್ನು ಮೊದಲ ಸಲ ನೋಡಿದಾಗ ನಾನು ಬೆರಗಾದೆ: ಅದೇ ಬಾಲ, ಅದೇ ಒಂಟಿ ರಿವೆಟ್. ಅಲ್ಲಿನ ಶಾಲಾಮಕ್ಕಳೆಲ್ಲ ಪೆನ್ಸಿಲ್ ಹೆರೆಯಲು ಅದನ್ನೇ ಬಳಸುತ್ತಿದ್ದರು. 1960ರಲ್ಲಿ ಸಮಾಜವಾದಿ ನಾಯಕ ಇನೆಜಿರೊ ಅಸಾನುಮಾ ಅವರನ್ನು ಯುವಕನೊಬ್ಬ ಟೋಕಿಯೊದ ಸಭಾವೇದಿಕೆಯ ಮೇಲೆಯೇ ಇರಿದು ಕೊಂದ. ಆತ ಬಳಸಿದ್ದು ಕಿರುಖಡ್ಗವನ್ನು. ಆದರೆ ಅದರ ಬೆನ್ನಿಗೇ ಮಕ್ಕಳ ಕೈಗೆ ಚಾಕು ಕೊಡಬೇಡಿ ಎಂಬ ಆಂದೋಲನ ದೇಶದಲ್ಲೆಲ್ಲ ಹಬ್ಬಿ, ಪೆನ್ಸಿಲ್ ಹೆರೆಯುವ ಚಾಕು ಮೂಲೆಗುಂಪಾಯಿತು.

ನಮ್ಮ ಚಾಕುವಿನ ಅಲಗು ಲಾರಿಯ ಹಳೆಯ ಕಮಾನುಪಟ್ಟಿಯಿಂದ ಮಾಡಿದ್ದು. ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವ ಆ ಉಕ್ಕಿನಲ್ಲಿ ಇಂಗಾಲದ ಅಂಶ ಸಾಕಷ್ಟಿರುವುದರಿಂದ ಅದು ಹದ ಹಿಡಿಯುತ್ತದೆ. ಆದ್ದರಿಂದಲೇ ಹಳ್ಳಿಯ ಕಮ್ಮಾರರಿಗೆ ಅದು ಅಚ್ಚುಮೆಚ್ಚು. ಕೆಂಪಗೆ ಕಾಸಿದ ಅಲಗನ್ನು ಎಣ್ಣೆಯಲ್ಲಿ ಅದ್ದಿದರೆ ಗಾಜಿನಂತೆ ಗಡುಸಾಗುತ್ತದೆ, ಬಿದ್ದರೆ ಮುರಿಯುತ್ತದೆ. ಹಾಗಾಗಿ ಮತ್ತೆ ಮೆಲ್ಲಗೆ ಕಾಸಿ, ಉಜ್ಜಿದ ಮೈಮೇಲೆ ಒಣಹುಲ್ಲಿನ ಬಣ್ಣ ಓಡುವುದನ್ನು ಕಂಡೊಡನೆ ನಿಲ್ಲಿಸಬೇಕು. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಕಣ್ಣೇ ಮಾಪಕ. ಸ್ಟೇನ್‌ಲೆಸ್ ಅಲಗಿನ ಹೊಳಪು ಇದಕ್ಕಿಲ್ಲ. ಮಾವಿನಕಾಯಿ ಕೊಯ್ದು ಒರೆಸದೆ ಇಟ್ಟರೆ ಮಾರನೆಯ ಬೆಳಿಗ್ಗೆ ಕಪ್ಪು ಕಲೆ ಖಚಿತ. ಆದರೆ ಮನೆಯ ಮೆಟ್ಟಿಲಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಬಾಯಿ ಬರುತ್ತದೆ.

ಅಲಗು ಒಂದೇ ಇದ್ದರೂ ಹಿಡಿ ಮಾತ್ರ ಪ್ರತಿ ತಲೆಮಾರಿಗೆ ಬದಲಾಯಿತು. ಮುತ್ಯಾನ ಕಾಲದ ಜಾಲಿಮರದ ಹಿಡಿ ಸವೆದಾಗ ಅಪ್ಪ ಎಮ್ಮೆಯ ಕೊಂಬಿನ ಹಿಡಿ ಹಾಕಿಸಿದರು. ಅದು ನನ್ನ ಕೈಗೆ ಬರುವಷ್ಟರಲ್ಲಿ ಒಣಗಿ ಸೀಳಿತ್ತು. ಊರ ಕಡೆಯ ಹಿರಿಯ ಕಮ್ಮಾರರೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಅಲಗಿಗಿ ಏನೂ ಆಗಿಲ್ರಿ, ಹಿಡಿ ಸತ್ತದ, ಅಷ್ಟೇ’ ಎಂದರು. ಅವರ ತಿದಿ ಆಗಲೇ ಮೂಲೆ ಸೇರಿತ್ತು; ಮಕ್ಕಳು ವೆಲ್ಡಿಂಗ್ ಅಂಗಡಿ ಇಟ್ಟಿದ್ದರು.

ಬೀದರ ಜಿಲ್ಲೆಯವನಾಗಿ ಚಾಕುವಿಗೆ ಬಿದರಿ ಹಿಡಿಯನ್ನೇ ಮಾಡಿಸಬೇಕೆಂಬ ಹುಚ್ಚು ನನಗೆ ಹತ್ತಿತು. ಬೀದರಿನ ಹಳೆಯ ಪೇಟೆಯ ಕುಶಲಕರ್ಮಿಯೊಬ್ಬರ ಮುಂದೆ ಕುಳಿತು ಬೇಡಿಕೆ ಇಟ್ಟಾಗ ಅವರು ನಕ್ಕರು. ಬಿದರಿಯ ಮೂಲದ್ರವ್ಯ ಸತು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಹೂದಾನಿಗೆ, ಹುಕ್ಕಾದ ಬುರುಡೆಗೆ, ಪಾನ್‌ದಾನಿಗೆ ಅದು ಸೈ. ತೆಳ್ಳಗೆ ಎರಕ ಹೊಯ್ದ ಚಾಕುವಿನ ಹಿಡಿ ಕೆಳಗೆ ಬಿದ್ದರೆ ಬಿರಿಯುತ್ತದೆ, ಜೇಬಿಗೂ ಭಾರ. ಕೊನೆಗೆ ಅವರೇ ಉಪಾಯ ಹೇಳಿದರು: ಹಿಡಿ ಬೀಟೆಮರದ್ದಿರಲಿ, ಒಂದು ಬದಿಯಲ್ಲಿ ಗುಳಿ ತೆಗೆದು ಬಿದರಿಯ ಸಣ್ಣ ಬಿಲ್ಲೆ ಕೂಡಿಸೋಣ.

ಆ ಬಿಲ್ಲೆ ತಯಾರಾಗುವುದನ್ನು ನೋಡುತ್ತ ನಾನು ಎರಡು ದಿನ ಅಲ್ಲಿಯೇ ಕಳೆದೆ. ಎರಕದ ತುಂಡನ್ನು ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಕೈಯಳತೆಯಲ್ಲೇ ಚಿತ್ತಾರ ಗೀಚಿ, ಉಳಿಯಿಂದ ಕೊರೆದು, ಕೂದಲಿನಷ್ಟು ತೆಳುವಾದ ಬೆಳ್ಳಿಯ ತಂತಿಯನ್ನು ಗೆರೆಯೊಳಗೆ ಬಡಿದು ಕೂಡಿಸುತ್ತಾರೆ. ಅವರು ಬಳ್ಳಿ–ಹೂವಿನ ವಿನ್ಯಾಸ ತೋರಿಸಿದರು. ನಾನು ಜೋಳದ ತೆನೆ ಕೇಳಿದೆ. ಮತ್ತೆ ಉಜ್ಜಿ ನುಣುಪು ಮಾಡಿದಾಗ ಬೆಳ್ಳಿಯೂ ಸತುವೂ ಒಂದೇ ಬಿಳುಪಾಗಿ ತೆನೆ ಮಾಯವಾಯಿತು. ಬಳಿಕ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು ಬಿದ್ದದ್ದೇ ತಡ, ಸತು ಕಾಡಿಗೆಗಪ್ಪಾಗಿ, ಬೆಳ್ಳಿ ಮಾತ್ರ ಹಾಗೆಯೇ ಉಳಿದು ತೆನೆ ಮೇಲೆದ್ದು ಬಂತು. 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಕಲೆಯ ಬಗ್ಗೆ ಓದಿ ತಿಳಿದದ್ದೇ ಬೇರೆ, ಆ ಕ್ಷಣ ಕಣ್ಣಾರೆ ಕಂಡದ್ದೇ ಬೇರೆ.

ಅಂಥ ಚಾಕು ಮಹಾನಗರದ ಕಚೇರಿಯೊಂದರ ತಪಾಸಣಾ ಮೇಜಿನ ಮೇಲೆ ಒಂದು ಬೆಳಿಗ್ಗೆ ಅಪರಾಧಿಯಂತೆ ಮಲಗಿತು. ನನ್ನ ವಯಸ್ಸಿನ ಅರ್ಧವೂ ಇರದ ಕಾವಲುಗಾರ, ‘ಇದು ಯಾಕೆ ಬೇಕು ಸಾರ್ ನಿಮಗೆ?’ ಎಂದು ಕೇಳಿದ. ಹಣ್ಣು ಹೆಚ್ಚಲು ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಸರತಿಯಲ್ಲಿ ಹಿಂದೆ ನಿಂತಿದ್ದ ಮಹಿಳೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಕಾವಲುಗಾರನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಒಂದು ಹೆಜ್ಜೆ ಮಾತ್ರ ಇಂದಿಗೂ ಕಾಡುತ್ತದೆ.

ಕಾನೂನು ಏನು ಹೇಳುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿ, ಮನೆಬಳಕೆ ಮತ್ತು ಬೇಸಾಯದ ಸಲಕರಣೆಗಳನ್ನು ಹೊರಗಿಟ್ಟಿವೆ. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಬಗ್ಗೆ ದೆಹಲಿಯಂಥ ಕಡೆ ಪ್ರತ್ಯೇಕ ಕಟ್ಟಳೆಗಳಿವೆ. ನಿಷೇಧಾಜ್ಞೆ ಜಾರಿಯಾದರೆ, ವಿಮಾನ ಹತ್ತಿದರೆ ಲೆಕ್ಕವೇ ಬೇರೆ. ಬ್ರಿಟನ್ನಿನಲ್ಲಿ 1988ರ ಕಾಯ್ದೆಯಂತೆ ಅಲಗು ಮೂರು ಅಂಗುಲ ಮೀರದ, ಚಿಲಕವಿಲ್ಲದ ಮಡಚುಚಾಕುವನ್ನು ಜೇಬಿನಲ್ಲಿಟ್ಟುಕೊಳ್ಳಲು ಕಾರಣ ಕೊಡಬೇಕಾಗಿಲ್ಲ. ಒಂದೇ ವಸ್ತುವನ್ನು ಉದ್ದೇಶದಿಂದ ಅಳೆಯುವ ವಿವೇಕ ನಮ್ಮಲ್ಲಿಯೂ ಇದೆ: ಕಿರ್ಪಾಣ್ ಧರಿಸುವುದನ್ನು ಸಂವಿಧಾನದ 25ನೆಯ ವಿಧಿಯ ವಿವರಣೆ ಸಿಖ್ ಧರ್ಮದ ಆಚರಣೆಯ ಭಾಗವೆಂದೇ ಒಪ್ಪಿದೆ. 1699ರ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ನಾನಕ್ ಝೀರಾದ ಹಾದಿಯಲ್ಲಿ ಕಿರ್ಪಾಣ್ ಕಂಡು ನಮ್ಮೂರವರು ಯಾರೂ ಹೆಜ್ಜೆ ಹಿಂದಿಡುವುದಿಲ್ಲ.

ಹಾಗೆಂದು ನಗರದ ಭಯ ಸುಳ್ಳೆಂದು ನಾನು ವಾದಿಸಲಾರೆ. ಕ್ಷುಲ್ಲಕ ಜಗಳಕ್ಕೆ ಚಾಕು ಹಿರಿದ ಸುದ್ದಿಯನ್ನು ಇದೇ ಪತ್ರಿಕೆಗಳಲ್ಲಿ ನಾವು ಓದುತ್ತೇವೆ. ಉತ್ತರ ಪ್ರದೇಶದ ರಾಂಪುರದ ಕಸುಬುದಾರರು ಮಾಡಿದ ಚಾಕುವನ್ನು ಹಿಂದಿ ಚಲನಚಿತ್ರಗಳು ಖಳನಾಯಕನ ಕೈಗಿಟ್ಟು ಅರ್ಧ ಶತಮಾನವಾಯಿತು. ನಮ್ಮ ಕಲ್ಪನೆಯಲ್ಲಿ ಚಾಕು ಎಂದರೆ ಅದೊಂದೇ ಉಳಿದುಕೊಂಡಿದ್ದರೆ ಆ ಮಹಿಳೆಯ ತಪ್ಪೇನು? ಹಗ್ಗ, ಚೀಲ, ತೆನೆ ಯಾವುದೂ ಇಲ್ಲದ ಬದುಕಿನಲ್ಲಿ ಜೇಬಿನ ಚಾಕುವಿಗೆ ಉಳಿದ ಕೆಲಸವಾದರೂ ಯಾವುದು? ಕಾವಲುಗಾರನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ ಎಂಬುದೇ ನಿಜ.

ಕಳೆದ ಎಳ್ಳಮಾವಾಸ್ಯೆಗೆ ಮಗನನ್ನು ಕರೆದುಕೊಂಡು ಭಾತಂಬ್ರಾಕ್ಕೆ ಹೋಗಿದ್ದೆ. ಅವನಿಗೆ ಹದಿಮೂರು. ಹೊಲದಲ್ಲಿ ಭಜ್ಜಿ–ಅಂಬಲಿಯ ಊಟ ಮುಗಿದ ಮೇಲೆ ಚಾಕುವನ್ನು ಅವನ ಕೈಗಿತ್ತೆ. ಹೆಬ್ಬೆರಳು ಬಾಲದ ಮೇಲಿರಬೇಕು, ಅಲಗು ಮೈಯಿಂದ ಆಚೆಗೆ ಹೋಗಬೇಕು, ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಬೇಕು. ಮುತ್ಯಾ ನನಗೆ ಹೇಳಿದ್ದೂ ಇಷ್ಟೇ. ಮೊದಲ ತೆನೆ ಕೊಯ್ಯುವಷ್ಟರಲ್ಲಿ ಬೆರಳಿಗೆ ತಾಗಿಸಿಕೊಂಡ. ಅವರಮ್ಮ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ. ಸಂಜೆಯ ಹೊತ್ತಿಗೆ ಮಡಿಲು ತುಂಬ ತೆನೆ ತಂದಿದ್ದ.

ಮರುದಿನ ಭಾಲ್ಕಿಯಲ್ಲಿ ರೈಲು ಹಿಡಿಯಲು ಹೊರಟಾಗ ಅವನು ಚಾಕುವನ್ನು ತನ್ನ ಜೇಬಿನಿಂದ ತೆಗೆದು, ಮಡಚಿ, ನನಗಲ್ಲ, ಕಾಕಾನಿಗೆ ಕೊಟ್ಟ. ಕಾಕಾ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿ, ಕಪ್ಪು ಮಾಸಿದ್ದನ್ನು ಕಂಡು, ಒಂದು ತೊಟ್ಟು ಶೇಂಗಾ ಎಣ್ಣೆ ಹಚ್ಚಿ ಗೋಡೆಯ ಗೂಡಿನಲ್ಲಿಟ್ಟರು. ಮುತ್ಯಾ ಇಡುತ್ತಿದ್ದುದೂ ಅದೇ ಗೂಡಿನಲ್ಲಿ.